ತಟ್ಟೆಯಿಂದ ಮಡಕೆಗೆ: ಎರಡನೆಯ ಮಹಾಯುದ್ಧದ ಜರ್ಮನ್ ಟ್ಯಾಂಕ್ ನಿರೋಧಕ ನೆಲಬಾಂಬುಗಳ ವಿನ್ಯಾಸ

ಪ್ರಸ್ತಾವನೆ

ವಸ್ತು ಸಂಸ್ಕೃತಿಯ ಅಧ್ಯಯನವು ಸಾಮಾನ್ಯವಾಗಿ ನೇಗಿಲು, ಮಡಕೆ, ಬೀಸುವ ಕಲ್ಲು, ಮಗ್ಗ ಮೊದಲಾದ ಬದುಕಿನ ಉಪಕರಣಗಳನ್ನು ತನ್ನ ಕ್ಷೇತ್ರವಾಗಿ ಆರಿಸಿಕೊಳ್ಳುತ್ತದೆ. ಕೊಲ್ಲುವುದಕ್ಕೆಂದೇ ತಯಾರಾದ ವಸ್ತುಗಳನ್ನು ಯುದ್ಧದ ಇತಿಹಾಸಕಾರರಿಗೆ ಬಿಟ್ಟುಕೊಡುವುದು ವಾಡಿಕೆ. ಆದರೆ ಒಂದು ವಸ್ತುವನ್ನು ಯಾವ ಸಾಮಗ್ರಿಯಿಂದ, ಯಾರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದರು, ಅದಕ್ಕೆ ಏನೆಂದು ಹೆಸರಿಟ್ಟರು, ಬಳಕೆಯ ಕಾಲ ಮುಗಿದ ಮೇಲೆ ಅದು ಏನಾಯಿತು ಎಂಬ ಪ್ರಶ್ನೆಗಳು ಕುಂಬಾರನ ಮಡಕೆಗೆ ಅನ್ವಯಿಸುವಂತೆಯೇ ಆಯುಧಕ್ಕೂ ಅನ್ವಯಿಸುತ್ತವೆ. ಈ ಪ್ರಶ್ನೆಗಳನ್ನು ಎರಡನೆಯ ಮಹಾಯುದ್ಧದ ಕಾಲದಲ್ಲಿ ಜರ್ಮನಿಯು ಟ್ಯಾಂಕುಗಳ ವಿರುದ್ಧ ಬಳಸಿದ ನೆಲಬಾಂಬುಗಳಿಗೆ ಅನ್ವಯಿಸಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

ಈ ನೆಲಬಾಂಬುಗಳ ವಿನ್ಯಾಸದಲ್ಲಿ ಸುಮಾರು ಹತ್ತು ವರ್ಷಗಳ ಅವಧಿಯಲ್ಲಿ ಒಂದು ಸ್ಪಷ್ಟವಾದ ಚಲನೆ ಕಂಡುಬರುತ್ತದೆ. ಆರಂಭದ ವಿನ್ಯಾಸಕಾರನ ಎದುರಿಗಿದ್ದುದು ಟ್ಯಾಂಕಿನ ಭಾರ. ಯುದ್ಧ ಮುಂದುವರಿದಂತೆ ಅವನ ಗಮನವು ಬಾಂಬನ್ನು ಹುಡುಕುವ ಯಂತ್ರದ ಕಡೆಗೆ, ಅನಂತರ ಅದನ್ನು ನೆಲದಿಂದ ಎತ್ತುವ ಮನುಷ್ಯನ ಕೈಯ ಕಡೆಗೆ ಸರಿಯಿತು. ವಾಹನಕ್ಕಾಗಿ ಹುಟ್ಟಿದ ವಸ್ತುವು ಹೀಗೆ ಮನುಷ್ಯನನ್ನೂ ಗುರಿಯಾಗಿಸಿಕೊಂಡಿತು. ಯುದ್ಧ ಮುಗಿದ ಎಷ್ಟೋ ದಶಕಗಳ ನಂತರವೂ ಅದರ ಅಪಾಯ ಉಳಿದುದಕ್ಕೆ ಈ ಚಲನೆಯೂ ಒಂದು ಮುಖ್ಯ ಕಾರಣ.

ಹೆಸರು ಮತ್ತು ಹಿನ್ನೆಲೆ

ಯುರೋಪಿನ ಭಾಷೆಗಳಲ್ಲಿ ಈ ಆಯುಧಕ್ಕಿರುವ 'ಮೈನ್' ಅಥವಾ 'ಮೀನೆ' ಎಂಬ ಹೆಸರಿನ ಮೂಲಾರ್ಥ ಗಣಿ, ಸುರಂಗ ಎಂದು. ಕೋಟೆಯ ಗೋಡೆಯ ಅಡಿಗೆ ಸುರಂಗ ಕೊರೆದು, ಅಲ್ಲಿ ಮದ್ದು ತುಂಬಿ ಸಿಡಿಸುವ ಮುತ್ತಿಗೆಯ ವಿದ್ಯೆಯಿಂದ ಈ ಪದ ಬಂದಿದೆ. ಹಿಂದಿಯ 'ಬಾರೂದೀ ಸುರಂಗ್' ಎಂಬ ಪ್ರಯೋಗದಲ್ಲಿ ಈ ನೆನಪು ಇಂದಿಗೂ ಉಳಿದಿದೆ. ಕನ್ನಡದ 'ನೆಲಬಾಂಬು' ಸುರಂಗದ ನೆನಪನ್ನು ಬಿಟ್ಟು, ವಸ್ತು ಇರುವ ನೆಲೆಯನ್ನು ಹಿಡಿದು ಹುಟ್ಟಿದ ಪದ.

ಟ್ಯಾಂಕ್ ನಿರೋಧಕ ನೆಲಬಾಂಬಿನ ಚರಿತ್ರೆ ಟ್ಯಾಂಕಿನ ಚರಿತ್ರೆಯ ಬೆನ್ನಿಗೇ ಆರಂಭವಾಗುತ್ತದೆ. ೧೯೧೬ರ ಸೆಪ್ಟೆಂಬರ್ ೧೫ರಂದು ಫ್ರಾನ್ಸಿನ ಸೋಮ್ ರಣರಂಗದಲ್ಲಿ ಬ್ರಿಟಿಷರು ಮೊದಲ ಬಾರಿಗೆ ಟ್ಯಾಂಕುಗಳನ್ನು ಬಳಸಿದರು. ಜರ್ಮನ್ ಸೈನಿಕರು ಫಿರಂಗಿಯ ಗುಂಡುಗಳನ್ನೇ ಮೂತಿ ಮೇಲಾಗಿ ಹೂತಿಟ್ಟು ಅವುಗಳನ್ನು ಎದುರಿಸಲು ಯತ್ನಿಸಿದರು. ಅನಂತರ ಮರದ ಪೆಟ್ಟಿಗೆಗಳಲ್ಲಿ ಸಿಡಿಮದ್ದು ತುಂಬಿ ಹೂಳುವ ಕ್ರಮ ಬಂದಿತು. 'ಫ್ಲಾಖ್‌ಮೀನೆ ೧೭', ಎಂದರೆ ಚಪ್ಪಟೆ ನೆಲಬಾಂಬು, ಇದೇ ಬಗೆಯದು. ಅಂದು ಮರವನ್ನು ಬಳಸಿದ್ದಕ್ಕೆ ಅದು ಸುಲಭವಾಗಿ ದೊರೆಯುತ್ತಿದ್ದುದೇ ಕಾರಣ. ಕಾಲು ಶತಮಾನದ ನಂತರ ಜರ್ಮನಿಯು ಮರಕ್ಕೆ ಮರಳಿದಾಗ ಅದರ ಕಾರಣ ಬೇರೆಯಾಗಿತ್ತು.

ತಟ್ಟೆ: ಟೆಲ್ಲರ್‌ಮೀನೆ

ಎರಡು ಯುದ್ಧಗಳ ನಡುವಣ ಅವಧಿಯಲ್ಲಿ ಜರ್ಮನಿಯು ರೂಪಿಸಿದ ಉಕ್ಕಿನ ದುಂಡು ನೆಲಬಾಂಬಿಗೆ 'ಟೆಲ್ಲರ್‌ಮೀನೆ' ಎಂದು ಹೆಸರು. ಜರ್ಮನ್ ಭಾಷೆಯಲ್ಲಿ ಟೆಲ್ಲರ್ ಎಂದರೆ ಊಟದ ತಟ್ಟೆ. ೧೯೨೯ರ ಮಾದರಿಯನ್ನು ಅನುಸರಿಸಿ ಬಂದ ೧೯೩೫ರ ಮಾದರಿಯು ಯುದ್ಧದ ಮೊದಲ ಹಂತದಲ್ಲಿ ಹೆಚ್ಚಾಗಿ ಬಳಕೆಯಾಯಿತು. ಅದರ ಅಡ್ಡಳತೆ ಸುಮಾರು ೩೨ ಸೆಂಟಿಮೀಟರ್, ತೂಕ ಸುಮಾರು ೯ ಕಿಲೋಗ್ರಾಂ. ಅದರಲ್ಲಿ ಸುಮಾರು ಐದೂವರೆ ಕಿಲೋಗ್ರಾಂ ಸಿಡಿಮದ್ದೇ ಆಗಿತ್ತು. ಹೊತ್ತೊಯ್ಯಲು ಬದಿಯಲ್ಲಿ ಒಂದು ಹಿಡಿ ಇತ್ತು.

ಇದರ ಕಾರ್ಯವಿಧಾನ ಸರಳವಾದುದು. ಮೇಲಿನ ಮುಚ್ಚಳದ ಮೇಲೆ ದೊಡ್ಡ ಭಾರ ಬಿದ್ದಾಗ ಅದು ಕೆಳಗೆ ಕುಸಿದು, ಮದ್ದಿಗೆ ಕಿಡಿ ತಾಗಿಸುವ ಭಾಗವಾದ ಫ್ಯೂಸನ್ನು ಒತ್ತುತ್ತದೆ. ನಡೆದುಹೋಗುವ ಮನುಷ್ಯನ ಭಾರಕ್ಕೆ ಸಾಮಾನ್ಯವಾಗಿ ಕುಸಿಯದೆ, ವಾಹನದ ಭಾರಕ್ಕೆ ಮಾತ್ರ ಕುಸಿಯುವಂತೆ ಮುಚ್ಚಳದ ಬಿಗಿಯನ್ನು ನಿಗದಿಪಡಿಸಲಾಗಿತ್ತು. ಟ್ಯಾಂಕನ್ನು ಸಂಪೂರ್ಣವಾಗಿ ನಾಶಪಡಿಸುವುದು ಇದರ ಮುಖ್ಯ ಉದ್ದೇಶವಾಗಿರಲಿಲ್ಲ. ಟ್ಯಾಂಕಿನ ಚಕ್ರಗಳನ್ನು ಸುತ್ತುವರಿದ ಉಕ್ಕಿನ ಪಟ್ಟಿ ಕಡಿದುಹೋದರೆ ಅದು ನಿಂತಲ್ಲೇ ನಿಲ್ಲುತ್ತದೆ. ನಿಂತ ಟ್ಯಾಂಕು ಫಿರಂಗಿಗೆ ಸುಲಭದ ಗುರಿ. ಆದುದರಿಂದ ನೆಲಬಾಂಬಿನ ಹೊಲಗಳನ್ನು ಫಿರಂಗಿಗಳ ಕಣ್ಣಳತೆಯಲ್ಲಿಯೇ ಬಿತ್ತುವುದು ರೂಢಿಯಾಗಿತ್ತು.

೧೯೩೫ರ ಮಾದರಿಯ ಫ್ಯೂಸಿನಲ್ಲಿ ಒಂದು ಗಮನಾರ್ಹ ಅಂಶವಿದೆ. ಅದರ ತಲೆಯ ಮೇಲಿನ ತಿರುಪನ್ನು ತಿರುಗಿಸಿ 'ಸುರಕ್ಷಿತ' ಮತ್ತು 'ಸಜ್ಜು' ಎಂಬ ಎರಡು ಸ್ಥಿತಿಗಳಲ್ಲಿ ನಿಲ್ಲಿಸಬಹುದಾಗಿತ್ತು. ಹೂತವರೇ ಮರಳಿ ಬಂದು, ತಿರುಪನ್ನು ತಿರುಗಿಸಿ, ಬಾಂಬನ್ನು ಎತ್ತಿ ಇನ್ನೊಂದೆಡೆ ಬಳಸುವ ಸಾಧ್ಯತೆಯನ್ನು ವಿನ್ಯಾಸವೇ ಉಳಿಸಿಕೊಂಡಿತ್ತು. ಅದರ ಜೊತೆಯಲ್ಲಿಯೇ ಬಾಂಬಿನ ಬದಿಯಲ್ಲಿ ಮತ್ತು ತಳದಲ್ಲಿ ಹೆಚ್ಚುವರಿ ಫ್ಯೂಸುಗಳಿಗೆ ಕುಳಿಗಳಿದ್ದವು. ಅವುಗಳಿಗೆ ಮರೆಯಲ್ಲಿ ತಂತಿ ಕಟ್ಟಿದರೆ ಬಾಂಬನ್ನು ಎತ್ತಿದ ಶತ್ರುವಿನ ಕೈಯಲ್ಲೇ ಅದು ಸಿಡಿಯುತ್ತಿತ್ತು. ಮರಳಿ ಪಡೆಯುವ ಹಿಡಿ ಮತ್ತು ಎತ್ತಿದವನನ್ನು ಕೊಲ್ಲುವ ಕುಳಿ ಎರಡೂ ಒಂದೇ ವಸ್ತುವಿನಲ್ಲಿ ಕೂಡಿದ್ದವು. ಮುಂದಿನ ವರ್ಷಗಳಲ್ಲಿ ಮೊದಲನೆಯದರ ಮಹತ್ವ ಕುಗ್ಗಿ ಎರಡನೆಯದು ಬೆಳೆಯಿತು.

ಮರುಭೂಮಿ: ಸೈತಾನನ ತೋಟಗಳು

೧೯೪೨ರಲ್ಲಿ ಈಜಿಪ್ಟಿನ ಎಲ್ ಅಲಮೈನ್ ಬಳಿ ಜರ್ಮನ್ ಮತ್ತು ಇಟಾಲಿಯನ್ ಸೇನೆಗಳು ಸುಮಾರು ಐದು ಲಕ್ಷ ನೆಲಬಾಂಬುಗಳನ್ನು ಹೂತಿದ್ದವು. ಅವುಗಳಲ್ಲಿ ಬಹುಪಾಲು ಟ್ಯಾಂಕ್ ನಿರೋಧಕವಾದವು; ಶತ್ರುಗಳಿಂದ ವಶಪಡಿಸಿಕೊಂಡ ಬಾಂಬುಗಳೂ ಅವುಗಳಲ್ಲಿ ಸೇರಿದ್ದವು. ಈ ಹೊಲಗಳಿಗೆ ಜರ್ಮನರೇ ಇಟ್ಟ ಹೆಸರು 'ಟಾಯ್ಫೆಲ್ಸ್‌ಗಾರ್ಟೆನ್', ಎಂದರೆ ಸೈತಾನನ ತೋಟ.

ಇಲ್ಲಿ ಎರಡು ಬಗೆಯ ಹೆಸರಿಡುವಿಕೆಯನ್ನು ಬೇರ್ಪಡಿಸಿ ನೋಡಬೇಕಾಗುತ್ತದೆ. ತಟ್ಟೆ, ಅಣಬೆ, ಅಗುಳಿ, ಮಡಕೆ ಎಂಬ ಹೆಸರುಗಳು ಆಕಾರದ ಹೋಲಿಕೆಯಿಂದ ಬಂದ ಸೇನಾ ದಾಖಲೆಯ ಹೆಸರುಗಳು. ಅವು ವಸ್ತುವನ್ನು ಅಡುಗೆಮನೆಯ ಸಾಮಾನಿನ ಸಾಲಿಗೆ ಸೇರಿಸಿ, ಅದರ ಕೆಲಸವನ್ನು ಹೇಳದೆ ಬಿಡುತ್ತವೆ. ಸೈತಾನನ ತೋಟ ಎಂಬಂತಹ ಹೆಸರುಗಳು ರಣರಂಗದ ಆಡುಮಾತಿಗೆ ಸೇರಿದವು. ನಾರ್ಮಂಡಿಯ ಬಯಲುಗಳಲ್ಲಿ ವಿಮಾನಗಳು ಇಳಿಯದಂತೆ ನೆಟ್ಟ ಕಂಬಗಳಿಗೆ 'ರೋಮೆಲ್ಲನ ಆಸ್ಪರಾಗಸ್' ಎಂದೂ, ನೆಲದಿಂದ ಮೇಲಕ್ಕೆ ಜಿಗಿದು ಸಿಡಿಯುವ ಕಾಲಾಳು ನಿರೋಧಕ ಬಾಂಬಿಗೆ 'ಜಿಗಿಯುವ ಬೆಟ್ಟಿ' ಎಂದೂ ಹೆಸರುಗಳು ಬಳಕೆಯಾದವು. ಇಂತಹ ಹೆಸರುಗಳು ಭಯವನ್ನು ಹಾಸ್ಯದಲ್ಲಿ ಹಿಡಿದಿಟ್ಟು, ಆಯುಧದ ಗುಣವನ್ನು ಬಾಯಿಂದ ಬಾಯಿಗೆ ದಾಟಿಸುತ್ತವೆ. ಕೃಷಿಯ ರೂಪಕ ಇಲ್ಲಿ ಮತ್ತೆ ಮತ್ತೆ ಬರುವುದು ಸಹಜವೇ ಆಗಿದೆ. ನೆಲವನ್ನು ಅಗೆದು, ಸಾಲು ಹಿಡಿದು, ಒಂದೊಂದನ್ನೂ ಹೂತು ಮಣ್ಣು ಮುಚ್ಚುವ ಕೆಲಸ ಬಿತ್ತನೆಯನ್ನೇ ಹೋಲುತ್ತದೆ.

೧೯೪೨ರ ಅಕ್ಟೋಬರ್ ೨೩ರ ರಾತ್ರಿ ಬ್ರಿಟಿಷ್ ಎಂಟನೆಯ ಸೇನೆಯು ಆರಂಭಿಸಿದ ದಾಳಿಗೆ 'ಲೈಟ್‌ಫುಟ್', ಎಂದರೆ ಹಗುರ ಪಾದ, ಎಂಬ ಗುಪ್ತನಾಮವಿತ್ತು. ಕಾಲಾಳುಗಳ ಭಾರಕ್ಕೆ ಟ್ಯಾಂಕ್ ನಿರೋಧಕ ಬಾಂಬುಗಳು ಸಿಡಿಯವು ಎಂಬ ಅರ್ಥದಲ್ಲಿ ಈ ಹೆಸರು ಬಂದಿತೆಂಬ ವಿವರಣೆ ಪ್ರಚಲಿತವಾಗಿದೆ. ದಾಳಿಗೆ ಮುನ್ನ ಸೇನೆ ಸಾಗಿಬಂದ ಮರಳಿನ ದಾರಿಗಳಿಗೆ ಸೂರ್ಯ, ಚಂದ್ರ, ನಕ್ಷತ್ರ, ಬಾಟಲಿ, ದೋಣಿ, ಟೋಪಿ ಎಂದು ಹೆಸರಿಡಲಾಗಿತ್ತು. ಪೆಟ್ರೋಲ್ ಡಬ್ಬಿಗಳಲ್ಲಿ ಆಯಾ ಆಕಾರಗಳನ್ನು ಕತ್ತರಿಸಿ, ಒಳಗೆ ದೀಪವಿಟ್ಟು ದಾರಿಯನ್ನು ಗುರುತಿಸುತ್ತಿದ್ದರು. ನೆಲಬಾಂಬಿನ ಹೊಲದೊಳಗೆ ತೆರವುಗೊಳಿಸಿದ ಓಣಿಗಳಿಗೆ ಬಿಳಿಯ ಪಟ್ಟಿ ಎಳೆಯಲಾಗುತ್ತಿತ್ತು.

ಶೋಧಕ ಯಂತ್ರ ಮತ್ತು ಕಣದ ಬಡಿಗೋಲು

ಅಲ್ಲಿಯವರೆಗೆ ನೆಲಬಾಂಬನ್ನು ಹುಡುಕುವ ಮುಖ್ಯ ಉಪಕರಣವೆಂದರೆ ಬಂದೂಕಿನ ಬಾಕು. ಸೈನಿಕನು ಹೊಟ್ಟೆಯ ಮೇಲೆ ಮಲಗಿ ಅಥವಾ ಮಂಡಿಯೂರಿ, ಬಾಕನ್ನು ಓರೆಯಾಗಿ ಮಣ್ಣಿಗೆ ಚುಚ್ಚುತ್ತಾ, ಗಟ್ಟಿ ವಸ್ತು ತಗುಲಿದರೆ ಬೆರಳಿನಿಂದ ಸುತ್ತಲಿನ ಮಣ್ಣನ್ನು ಬಿಡಿಸಬೇಕಾಗಿತ್ತು. ಬ್ರಿಟನ್ನಿನಲ್ಲಿ ನೆಲೆಸಿದ್ದ ಪೋಲೆಂಡಿನ ಸೇನಾಧಿಕಾರಿ ಯೂಜೆಫ್ ಕೊಸಾಟ್ಸ್ಕಿ ರೂಪಿಸಿದ ವಿದ್ಯುತ್ ಶೋಧಕ ಯಂತ್ರವು ಈ ಸ್ಥಿತಿಯನ್ನು ಬದಲಿಸಿತು. ಉದ್ದನೆಯ ಕೋಲಿನ ತುದಿಯಲ್ಲಿದ್ದ ತಂತಿಸುರುಳಿಗಳು ನೆಲದಡಿಯ ಲೋಹದ ಬಳಿ ಬಂದಾಗ ಕಿವಿಗೆ ಧರಿಸಿದ ಸಾಧನದಲ್ಲಿ ಶಬ್ದ ಕೇಳುತ್ತಿತ್ತು. ಯಂತ್ರದ ತೂಕ ಸುಮಾರು ೧೪ ಕಿಲೋಗ್ರಾಂ. ಸುಮಾರು ೫೦೦ ಯಂತ್ರಗಳು ಎಲ್ ಅಲಮೈನ್ ದಾಳಿಯ ಹೊತ್ತಿಗೆ ಬಳಕೆಗೆ ಬಂದವು. ಗಂಟೆಗೆ ಸುಮಾರು ೧೦೦ ಚದರ ಮೀಟರ್ ಇದ್ದ ತೆರವಿನ ವೇಗ ಇವುಗಳಿಂದ ೨೦೦ ಚದರ ಮೀಟರಿಗೆ ಏರಿತು.

ಇನ್ನೊಂದು ಉಪಾಯವು ನೇರವಾಗಿ ಒಕ್ಕಲುತನದಿಂದ ಬಂದುದು. ದಕ್ಷಿಣ ಆಫ್ರಿಕಾದ ಅಬ್ರಹಾಂ ಡು ಟಾಯ್ಟ್ ಸೂಚಿಸಿದಂತೆ ಟ್ಯಾಂಕಿನ ಮುಂದೆ ತಿರುಗುವ ಉರುಳೆಯೊಂದಕ್ಕೆ ಸರಪಳಿಗಳನ್ನು ಕಟ್ಟಿ, ಅವು ನೆಲವನ್ನು ಬಡಿಯುತ್ತಾ ಬಾಂಬುಗಳನ್ನು ಸಿಡಿಸುವಂತೆ ಮಾಡಲಾಯಿತು. ಕಣದಲ್ಲಿ ತೆನೆ ಬಡಿಯುವ ಕೋಲಿಗೆ ಇಂಗ್ಲಿಷಿನಲ್ಲಿರುವ 'ಫ್ಲೇಲ್' ಎಂಬ ಹೆಸರೇ ಈ ಬಗೆಯ ಟ್ಯಾಂಕಿಗೂ ಬಂದಿತು. ಎಲ್ ಅಲಮೈನ್‌ನಲ್ಲಿ ಬಳಕೆಯಾದ ಇದರ ಮೊದಲ ರೂಪಕ್ಕೆ 'ಸ್ಕಾರ್ಪಿಯನ್' ಎಂದು ಹೆಸರು.

ಉದ್ದನೆಯ ಕೊಳವೆಗಳಲ್ಲಿ ಮದ್ದು ತುಂಬಿ, ಒಂದಕ್ಕೊಂದು ಜೋಡಿಸಿ, ಮುಳ್ಳುತಂತಿಯ ಅಥವಾ ನೆಲಬಾಂಬಿನ ಹೊಲದೊಳಗೆ ತಳ್ಳಿ ಸಿಡಿಸುವ 'ಬ್ಯಾಂಗಲೋರ್ ಟಾರ್ಪಿಡೊ' ಕೂಡ ಇದೇ ಕೆಲಸಕ್ಕೆ ಬಳಕೆಯಾಯಿತು. ೧೯೧೨ರಲ್ಲಿ ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್ ಅಂಡ್ ಮೈನರ್ಸ್ ಪಡೆಯಲ್ಲಿದ್ದ ಕ್ಯಾಪ್ಟನ್ ಮೆಕ್ಲಿಂಟಾಕ್ ಇದನ್ನು ರೂಪಿಸಿದುದರಿಂದ ಊರಿನ ಹೆಸರು ಅದಕ್ಕೆ ಅಂಟಿಕೊಂಡಿತು.

ಅಣಬೆ, ಅಗುಳಿ

ಎದುರಾಳಿಯ ಈ ಉಪಾಯಗಳಿಗೆ ಜರ್ಮನ್ ವಿನ್ಯಾಸವು ಹಂತ ಹಂತವಾಗಿ ಉತ್ತರ ಕೊಡುತ್ತಾ ಹೋಯಿತು. ಟೆಲ್ಲರ್‌ಮೀನೆಯ ೧೯೪೨ರ ಮಾದರಿಯಲ್ಲಿ ಒತ್ತಡ ಸ್ವೀಕರಿಸುವ ಮುಚ್ಚಳವು ಇಡೀ ಮೇಲ್ಮೈಯನ್ನು ಆವರಿಸದೆ ನಡುಭಾಗಕ್ಕೆ ಸೀಮಿತವಾಯಿತು. ಅಗಲವಾದ ಮುಚ್ಚಳವು ಹತ್ತಿರದ ಸ್ಫೋಟದ ಒತ್ತಡಕ್ಕೂ ಕುಸಿಯಬಲ್ಲುದು. ಕಿರಿದಾದ ಮುಚ್ಚಳ ಅಷ್ಟು ಸುಲಭವಾಗಿ ಕುಸಿಯದು. ಹೀಗಾಗಿ ಸಿಡಿಸಿ ತೆರವುಗೊಳಿಸುವ ವಿಧಾನವು ಕಠಿಣವಾಯಿತು. ೧೯೪೩ರ ಮಾದರಿಯು ಇದರ ಸರಳೀಕೃತ ರೂಪ. ಅದರ ನಡುವಿನ ತಲೆಯು ಅಣಬೆಯಂತೆ ಕಾಣುತ್ತಿದ್ದುದರಿಂದ 'ಪಿಲ್ಟ್ಸ್', ಎಂದರೆ ಅಣಬೆ, ಎಂಬ ಹೆಸರು ಅದಕ್ಕೆ ಸೇರಿತು. ಶೀಘ್ರ ಉತ್ಪಾದನೆಗೆ ಒಗ್ಗುವ ಈ ಮಾದರಿಯ ೩೬ ಲಕ್ಷಕ್ಕೂ ಹೆಚ್ಚು ಬಾಂಬುಗಳು ಯುದ್ಧದ ಕೊನೆಯೊಳಗೆ ತಯಾರಾದವು.

ಈ ಹಂತದಲ್ಲಿಯೇ ಫ್ಯೂಸಿನ ಸ್ವರೂಪವೂ ಬದಲಾಯಿತು. ಒಮ್ಮೆ ಸಜ್ಜಾದ ಮೇಲೆ ಬಿಚ್ಚಲು ಯತ್ನಿಸಿದರೆ ಸಿಡಿಯುವ ಫ್ಯೂಸು ೧೯೪೩ರಲ್ಲಿ ಬಂದಿತು. ಹಳೆಯ ಫ್ಯೂಸಿನಲ್ಲಿದ್ದ, 'ಸಜ್ಜು' ಸ್ಥಿತಿಯಿಂದ 'ಸುರಕ್ಷಿತ' ಸ್ಥಿತಿಗೆ ಮರಳುವ ದಾರಿ ಇದರಲ್ಲಿ ಇರಲಿಲ್ಲ. ಹೂತವನಿಗೂ ಶತ್ರುವಿಗೂ ಇದ್ದ ವ್ಯತ್ಯಾಸವನ್ನು ವಸ್ತುವು ಇಲ್ಲಿಗೆ ಕೈಬಿಟ್ಟಿತು.

೧೯೪೩ರಲ್ಲಿ ಬಂದ ಇನ್ನೊಂದು ಬಾಂಬು 'ರೀಗೆಲ್‌ಮೀನೆ'. ರೀಗೆಲ್ ಎಂದರೆ ಬಾಗಿಲಿನ ಅಗುಳಿ. ಸುಮಾರು ೮೦ ಸೆಂಟಿಮೀಟರ್ ಉದ್ದದ ಈ ಉಕ್ಕಿನ ಪೆಟ್ಟಿಗೆಯಲ್ಲಿ ೪ ಕಿಲೋಗ್ರಾಂ ಸಿಡಿಮದ್ದು ಇರುತ್ತಿತ್ತು. ತಟ್ಟೆಗಿಂತ ಉದ್ದವಾದುದರಿಂದ ಒಂದೊಂದು ಬಾಂಬೂ ದಾರಿಯ ಹೆಚ್ಚು ಅಗಲವನ್ನು ಕಾಯುತ್ತಿತ್ತು. ಇದರ ಒಳಭಾಗವನ್ನು ತೆಳುವಾದ ತಂತಿಗಳು ಎತ್ತಿ ಹಿಡಿದಿದ್ದವು. ವಾಹನದ ಭಾರಕ್ಕೆ ತಂತಿಗಳು ಕಡಿದು ಬಾಂಬು ಸಿಡಿಯುತ್ತಿತ್ತು. ಇದೇ ಸರಳತೆ ಮುಂದೆ ಅಪಾಯದ ಮೂಲವಾಯಿತು. ವರ್ಷಗಳು ಕಳೆದಂತೆ ತಂತಿಗಳು ತುಕ್ಕು ಹಿಡಿದು ಸವೆಯುತ್ತವೆ, ಬಾಂಬು ಅತಿ ಸಣ್ಣ ಅಲುಗಾಟಕ್ಕೂ ಸಿಡಿಯುವ ಸ್ಥಿತಿ ತಲುಪುತ್ತದೆ. ಆದುದರಿಂದ ಈ ಬಾಂಬು ಪತ್ತೆಯಾದರೆ ಅದನ್ನು ಬಿಚ್ಚಲು ಹೋಗದೆ ಇದ್ದಲ್ಲೇ ಸಿಡಿಸಿ ನಾಶಪಡಿಸುವ ಪದ್ಧತಿ ಬಂದಿತು.

ಮರ ಮತ್ತು ಮಡಕೆ

ಶೋಧಕ ಯಂತ್ರವು ಕೇಳಿಸಿಕೊಳ್ಳುತ್ತಿದ್ದುದು ಲೋಹವನ್ನು. ಅದರಿಂದ ಪಾರಾಗುವ ದಾರಿ ಲೋಹವನ್ನೇ ಬಿಡುವುದು. ೧೯೪೨ರ 'ಹೋಲ್ಟ್ಸ್‌ಮೀನೆ'ಯು ಸುಮಾರು ಐದು ಕಿಲೋಗ್ರಾಂ ಸಿಡಿಮದ್ದು ತುಂಬಿದ ಮರದ ಪೆಟ್ಟಿಗೆ. ಅದರಲ್ಲಿ ಲೋಹವಿದ್ದುದು ಫ್ಯೂಸಿನಂತಹ ಸಣ್ಣ ಭಾಗಗಳಲ್ಲಿ ಮಾತ್ರ. ಮೊದಲ ಮಹಾಯುದ್ಧದಲ್ಲಿ ಅನುಕೂಲಕ್ಕಾಗಿ ಬಂದ ಮರವು ಇಲ್ಲಿ ಅಡಗಿಸುವ ಸಾಧನವಾಗಿ ಮರಳಿ ಬಂದಿತು. ಉಕ್ಕಿನ ಉಳಿತಾಯವೂ ಇದರಿಂದ ಸಾಧ್ಯವಾಯಿತು.

೧೯೪೪ರಲ್ಲಿ ಬಳಕೆಗೆ ಬಂದ 'ಟೋಪ್ಫ್‌ಮೀನೆ' ಈ ದಾರಿಯ ಕೊನೆಯ ಹಂತ. ಟೋಪ್ಫ್ ಎಂದರೆ ಮಡಕೆ. ಮರದ ತಿರುಳಿನ ರಟ್ಟನ್ನು ಡಾಂಬರಿನೊಡನೆ ಒತ್ತಿ ಅದರ ಹೊರಕವಚವನ್ನು ಮಾಡಲಾಗಿತ್ತು; ಫ್ಯೂಸಿಗೂ ಗಾಜನ್ನು ಬಳಸಲಾಗಿತ್ತು. ಕೊಸಾಟ್ಸ್ಕಿಯ ಯಂತ್ರಕ್ಕೆ ಕೇಳಿಸುವಂತಹ ಏನೂ ಅದರಲ್ಲಿ ಉಳಿದಿರಲಿಲ್ಲ. ಶೋಧಕರ ಪಾಲಿಗೆ ಅಲ್ಲಿಗೆ ಮತ್ತೆ ಬಾಕಿನ ಮೊನೆ ಮತ್ತು ಬೆರಳ ತುದಿ ಮಾತ್ರ ಗತಿಯಾದವು.

ಆದರೆ ಇಂತಹ ಬಾಂಬನ್ನು ಹೂತವರಿಗೂ ಅದನ್ನು ಮತ್ತೆ ಹುಡುಕುವ ಅಗತ್ಯ ಬೀಳಬಹುದು. ಈ ಇಕ್ಕಟ್ಟಿಗೆ ಜರ್ಮನರು ಕಂಡುಕೊಂಡ ಪರಿಹಾರ ವಿಶಿಷ್ಟವಾದುದು. 'ಟಾರ್ನ್‌ಸಾಂಡ್' ಎಂಬ, ಅಲ್ಪ ಪ್ರಮಾಣದ ವಿಕಿರಣವುಳ್ಳ ಮರಳಿನಂತಹ ಪದಾರ್ಥವನ್ನು ಕವಚಕ್ಕೆ ಲೇಪಿಸಿ, ಅದನ್ನು ಗುರುತಿಸಬಲ್ಲ 'ಸ್ಟುಟ್‌ಗಾರ್ಟ್ ೪೩' ಎಂಬ ಯಂತ್ರವನ್ನು ತಮ್ಮ ಬಳಿ ಇಟ್ಟುಕೊಂಡರು. ಈ ಗುಟ್ಟು ಯುದ್ಧ ಮುಗಿಯುವವರೆಗೂ ಮಿತ್ರರಾಷ್ಟ್ರಗಳಿಗೆ ತಿಳಿಯಲಿಲ್ಲ. ೧೯೩೫ರ ಫ್ಯೂಸಿನ ತಿರುಪನ್ನು ಯಾರು ಬೇಕಾದರೂ ನೋಡಿ ಅರ್ಥಮಾಡಿಕೊಳ್ಳಬಹುದಾಗಿತ್ತು. ೧೯೪೪ರ ಗುರುತು ಗುಟ್ಟು ತಿಳಿದವರಿಗೆ ಮಾತ್ರ ಕಾಣುವಂಥದು. ಗುಟ್ಟು ಬಲ್ಲ ಸೇನೆಯೇ ಸೋತು ಚದುರಿದ ಮೇಲೆ ಆ ಗುರುತು ಇದ್ದೂ ಇಲ್ಲದಂತಾಯಿತು.

ಎತ್ತಿದ ಕೈಗಳು

ವಿನ್ಯಾಸದ ಈ ಚಲನೆಗೆ ಬೆಲೆ ತೆತ್ತವರು ತೆರವಿನ ಕೆಲಸಕ್ಕೆ ನೇಮಕವಾದ ಸೈನಿಕರು. ಭಾರತೀಯ ಸೈನಿಕರೂ ಅವರಲ್ಲಿದ್ದರು. ಬೆಂಗಳೂರನ್ನು ನೆಲೆಯಾಗಿ ಹೊಂದಿದ್ದ ಮದ್ರಾಸ್ ಸ್ಯಾಪರ್ಸ್ ಪಡೆಯ ಸುಬೇದಾರ್ ಸುಬ್ರಹ್ಮಣ್ಯನ್ ಅವರು ೧೯೪೪ರ ಫೆಬ್ರವರಿ ೨೪ರಂದು ಇಟಲಿಯ ಮಿನ್ಯಾನೊ ಬಳಿ, ಸಿಡಿಯಲಿದ್ದ ನೆಲಬಾಂಬಿನ ಮೇಲೆ ತಾವೇ ಬಿದ್ದು ಸಂಗಡಿಗರನ್ನು ಉಳಿಸಿದರು. ಅವರಿಗೆ ಮರಣೋತ್ತರವಾಗಿ ಜಾರ್ಜ್ ಕ್ರಾಸ್ ಪದಕ ಸಂದಿತು.

ಯುದ್ಧ ಮುಗಿದ ಮೇಲೆ ಡೆನ್ಮಾರ್ಕಿನ ಪಶ್ಚಿಮ ಕರಾವಳಿಯಲ್ಲಿ ಜರ್ಮನರು ಹೂತಿದ್ದ ಸುಮಾರು ಹದಿನಾಲ್ಕು ಲಕ್ಷ ನೆಲಬಾಂಬುಗಳು ಉಳಿದಿದ್ದವು. ೧೯೪೫ರಲ್ಲಿ ಅವುಗಳನ್ನು ಎತ್ತುವ ಕೆಲಸ ಶರಣಾದ ಜರ್ಮನ್ ಸೈನಿಕರ ಪಾಲಿಗೆ ಬಂದಿತು. ಅವರಲ್ಲಿ ಸುಮಾರು ೧೫೦ ಮಂದಿ ಸತ್ತರು. ಗಾಯಗೊಂಡವರ ಸಂಖ್ಯೆಯೂ ಕಡಿಮೆಯಲ್ಲ. ಎತ್ತುವ ಶತ್ರುವನ್ನು ಕಲ್ಪಿಸಿಕೊಂಡು ರೂಪಿಸಿದ ವಸ್ತುವಿನ ಮುಂದೆ ಅದನ್ನು ರೂಪಿಸಿದ ದೇಶದ ಯುವಕರೇ ಮಂಡಿಯೂರಬೇಕಾಯಿತು. ೧೯೪೯ರ ಮೂರನೆಯ ಜಿನೀವಾ ಒಪ್ಪಂದದ ೫೨ನೆಯ ವಿಧಿಯು ನೆಲಬಾಂಬು ತೆರವನ್ನು ಅಪಾಯಕರ ಕೆಲಸವೆಂದು ಘೋಷಿಸಿ, ಸ್ವಇಚ್ಛೆಯಿಂದ ಮುಂದೆ ಬಾರದ ಯುದ್ಧಕೈದಿಯನ್ನು ಅದಕ್ಕೆ ಹಚ್ಚಬಾರದೆಂದು ವಿಧಿಸಿತು. ಡೆನ್ಮಾರ್ಕಿನ ಕರಾವಳಿಯ ಕೊನೆಯ ತಾಣವಾದ ಸ್ಕಾಲಿಂಗೆನ್ ಸಂಪೂರ್ಣವಾಗಿ ತೆರವಾದುದು ೨೦೧೨ರಲ್ಲಿ. ಹೂಳುವ ಕೆಲಸ ಯುದ್ಧದ ಕೆಲವೇ ವರ್ಷಗಳಲ್ಲಿ ಮುಗಿದಿತ್ತು. ಎತ್ತುವ ಕೆಲಸ ೬೭ ವರ್ಷ ನಡೆಯಿತು.

ಈಜಿಪ್ಟಿನ ವಾಯವ್ಯ ಮರುಭೂಮಿಯಲ್ಲಿ ಸಮಸ್ಯೆ ಇನ್ನೂ ತೊಡಕಿನದು. ಅಲ್ಲಿ ಜರ್ಮನ್, ಇಟಾಲಿಯನ್, ಬ್ರಿಟಿಷ್ ಬಾಂಬುಗಳು ಬೆರೆತುಹೋಗಿವೆ. ಗಾಳಿಗೆ ಮರಳು ಸರಿದು, ಹೂತ ಕಾಲದ ನಕ್ಷೆಗೂ ನೆಲಕ್ಕೂ ಹೊಂದಾಣಿಕೆ ತಪ್ಪಿದೆ. ಯುದ್ಧದಲ್ಲಿ ಯಾವ ಪಕ್ಷಕ್ಕೂ ಸೇರದ, ಕುರಿ ಒಂಟೆಗಳನ್ನು ಮೇಯಿಸಿ ಬದುಕುವ ಬೆದೂಯಿನ್ ಕುಟುಂಬಗಳು ಅದರ ಫಲವನ್ನು ಉಂಡಿವೆ.

ಸಮಾರೋಪ

೧೯೯೭ರಲ್ಲಿ ಸಿದ್ಧವಾಗಿ ೧೯೯೯ರಲ್ಲಿ ಜಾರಿಗೆ ಬಂದ ಒಟ್ಟಾವಾ ಒಪ್ಪಂದವು ಕಾಲಾಳು ನಿರೋಧಕ ನೆಲಬಾಂಬುಗಳನ್ನು ನಿಷೇಧಿಸುತ್ತದೆ. ವಾಹನದಿಂದ ಸಿಡಿಯುವಂತೆ ರೂಪಿಸಿದ ಬಾಂಬುಗಳು ಅದರ ವ್ಯಾಪ್ತಿಗೆ ಬರುವುದಿಲ್ಲ. ಅಂತಹ ಬಾಂಬಿಗೆ ಎತ್ತುವವನನ್ನು ತಡೆಯುವ ಸಾಧನ ಜೋಡಿಸಿದ್ದರೂ ಆ ಕಾರಣಕ್ಕಾಗಿ ಅದನ್ನು ಕಾಲಾಳು ನಿರೋಧಕವೆಂದು ಪರಿಗಣಿಸಬಾರದೆಂದು ಒಪ್ಪಂದದ ವ್ಯಾಖ್ಯೆಯೇ ಹೇಳುತ್ತದೆ. ಕಾನೂನು ವಸ್ತುವನ್ನು ಅದರ ಘೋಷಿತ ಉದ್ದೇಶದಿಂದ ವರ್ಗೀಕರಿಸುತ್ತದೆ. ವಿನ್ಯಾಸದ ಚರಿತ್ರೆಯು ಬೇರೊಂದು ಸಂಗತಿಯನ್ನು ತೋರಿಸುತ್ತದೆ. ತಟ್ಟೆಯಿಂದ ಮಡಕೆಯವರೆಗಿನ ಹತ್ತು ವರ್ಷಗಳಲ್ಲಿ ಟ್ಯಾಂಕನ್ನು ನಿಲ್ಲಿಸುವ ಶಕ್ತಿ ಬಹುಮಟ್ಟಿಗೆ ಇದ್ದಷ್ಟೇ ಇದ್ದಿತು. ಸಿಡಿಮದ್ದಿನ ಪ್ರಮಾಣ ನಾಲ್ಕರಿಂದ ಆರು ಕಿಲೋಗ್ರಾಂಗಳ ಆಸುಪಾಸಿನಲ್ಲೇ ಉಳಿಯಿತು. ಬದಲಾದುದು ಹುಡುಕುವವನಿಂದ ಅಡಗುವ ಮತ್ತು ಎತ್ತುವವನನ್ನು ಕೊಲ್ಲುವ ಸಾಮರ್ಥ್ಯ. ವಸ್ತುವಿನ ಸ್ವರೂಪವನ್ನು ಹೆಸರಿನಿಂದ ಅಥವಾ ಘೋಷಿತ ಉದ್ದೇಶದಿಂದ ಮಾತ್ರ ತಿಳಿಯಲಾಗದು, ಅದರ ರಚನೆ, ಸಾಮಗ್ರಿ ಮತ್ತು ಬಳಕೆಯ ನಂತರದ ಬದುಕನ್ನು ಸೇರಿಸಿ ನೋಡಬೇಕೆಂಬುದು ವಸ್ತು ಸಂಸ್ಕೃತಿಯ ಅಧ್ಯಯನ ಕಲಿಸಿದ ಪಾಠ. ನೆಲಬಾಂಬಿನ ವಿಷಯದಲ್ಲಿ ಈ ಪಾಠವು ಉಪಯೋಗವಾಗುವುದು ನೆಲವನ್ನು ಮತ್ತೆ ಉಳುವವರ, ಮೇಯಿಸುವವರ ಮತ್ತು ಅದರ ಮೇಲೆ ಆಡುವ ಮಕ್ಕಳ ಪ್ರಾಣದ ಪ್ರಶ್ನೆಗೆ.